ಯಂತ್ರಕ್ಕೆ ತಿಳಿದ ನನ್ನ ಮಾತು

ಪಾಠ ಹೇಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ಗೊತ್ತಿಲ್ಲದ್ದನ್ನೆಲ್ಲ 'ಅದು ಸಿಲಬಸ್‌ನಲ್ಲಿ ಇಲ್ಲ' ಎಂದು ದಾಟಿಸಿಬಿಡಬಹುದು. ಲಿಂಗಸುಗೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿರುವ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ಪುಸ್ತಕದ ಕೊನೆಯ ಅಧ್ಯಾಯ ಯಾವಾಗಲೂ 'ಇತ್ತೀಚಿನ ಬೆಳವಣಿಗೆಗಳು'. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಪರೀಕ್ಷೆ ಬಂದಿರುತ್ತಿತ್ತು. ಬಾರದಿದ್ದರೆ ನಾನೇ ನಿಧಾನ ಮಾಡುತ್ತಿದ್ದೆ. ಹೋದ ವರ್ಷ ಮಾತ್ರ ಹುಡುಗಿಯೊಬ್ಬಳು, "ಸರ್, ನಾವು ಮಾತಾಡಿದ್ದು ಫೋನಿಗೆ ಹೆಂಗ ತಿಳಿತೈತ್ರಿ?" ಎಂದು ಕೇಳಿದಳು. ಎಂದಿನಂತೆ ದಾಟಿಸಿದೆ. ಆದರೆ ಸಂಜೆ ಮಸ್ಕಿಗೆ ಮರಳುವ ಬಸ್ಸಿನುದ್ದಕ್ಕೂ ಆ ಪ್ರಶ್ನೆ ನನ್ನ ಪಕ್ಕದಲ್ಲೇ ಕೂತಿತ್ತು. ಹೌದಲ್ಲ, ಹೇಗೆ ತಿಳಿಯುತ್ತದೆ?

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ ಆನ್‌ಲೈನ್ ಎಂ.ಎಸ್ಸಿ.ಗೆ ಸೇರಿಕೊಂಡೆ. ಅದರಲ್ಲಿ 'ಗಣಕ ವಿಜ್ಞಾನದ ಇಂದಿನ ಜಾಗತಿಕ ಪ್ರವೃತ್ತಿಗಳು' ಎಂಬ ಪತ್ರಿಕೆಯಿತ್ತು. ಅಂದರೆ ನಾನು ಇಪ್ಪತ್ತು ವರ್ಷ ತಪ್ಪಿಸಿಕೊಂಡು ಓಡಾಡಿದ್ದ ಆ ಕೊನೆಯ ಅಧ್ಯಾಯವೇ ಬೆಳೆದು ದೊಡ್ಡದಾಗಿ ಎದುರಿಗೆ ಬಂದು ನಿಂತಿತ್ತು! ಪಾಠಗಳನ್ನು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಕಣ್ಣು ಮುಚ್ಚಿ ತಲೆದೂಗುವುದನ್ನು ಕಂಡ ಕಂಡಕ್ಟರು ಒಂದು ದಿನ ಭಕ್ತಿಯಿಂದ, "ಯಾರ ಪ್ರವಚನ್ರೀ ಸರ್?" ಎಂದು ವಿಚಾರಿಸಿದ.

ಆ ಪತ್ರಿಕೆಗೆ ಇಬ್ಬರಿಬ್ಬರು ಕೂಡಿ ಒಂದು ಪ್ರಾಜೆಕ್ಟ್ ಮಾಡಬೇಕು. ಅದರಲ್ಲಿ ಪಾಸಾಗದಿದ್ದರೆ ಪತ್ರಿಕೆಯೇ ಹೋದಂತೆ. ನನ್ನ ಜೋಡಿಯಾಗಿ ಬಂದ ಹೆಸರು ಶಬಾನಾ, ಊರು ತುರ್ವಿಹಾಳ. ವಿಡಿಯೊ ಕರೆ ಮಾಡಿದರೆ ಆ ಕಡೆಯಿಂದ, "ಅಯ್ಯ ಸರ್! ನೀವೇನ್ರಿ?" ಎಂಬ ಉದ್ಗಾರ. ನನ್ನದೇ ಹಳೆಯ ವಿದ್ಯಾರ್ಥಿನಿ. ಈಗ ಸಿಂಧನೂರಿನಲ್ಲಿ ಕಂಪ್ಯೂಟರ್ ಟೀಚರು. ಮೊದಲ ದಿನ, "ನೀವು ಹೇಳ್ರಿ ಸರ್, ನಾ ಮಾಡ್ತೀನಿ" ಎಂದಳು. ಒಂದೇ ವಾರದಲ್ಲಿ ಅದು, "ಕಳಿಸಿದ್ದು ಓದೀರೇನ್ರಿ ಸರ್?" ಎಂಬಲ್ಲಿಗೆ ಬಂತು. ನಾನು, "ಕರೆಂಟ್ ಇರಲಿಲ್ಲಮ್ಮ" ಎನ್ನತೊಡಗಿದೆ. ಈ ಉತ್ತರವನ್ನು ನಾನು ವಿದ್ಯಾರ್ಥಿಗಳ ಬಾಯಿಂದ ಎಷ್ಟು ಸಲ ಕೇಳಿದ್ದೆನೋ, ಒಂದು ಸಲವೂ ನಂಬಿರಲಿಲ್ಲ. ಅವಳೂ ನಂಬಲಿಲ್ಲ.

ಮಾತು ಕೇಳಿ ಬರೆದುಕೊಳ್ಳುವ ಯಂತ್ರಕ್ಕೆ ನಮ್ಮ ಸೀಮೆಯ ಕನ್ನಡ ಎಷ್ಟು ತಿಳಿಯುತ್ತದೆ ಎಂಬುದನ್ನು ಪರೀಕ್ಷಿಸೋಣ ಎಂದು ಅವಳೇ ಸೂಚಿಸಿದಳು. ಮೊದಲು ನನ್ನ ಅವ್ವನ ಮುಂದೆ ಫೋನು ಹಿಡಿದೆ. "ಕಾಲುವಿಗೆ ನೀರು ಬಿಟ್ಟಾರೇನು?" ಎಂದಳು ಅವ್ವ. ಯಂತ್ರ 'ಕಾಲಿಗೆ ನೀರು ಬಿಟ್ಟರೇನು' ಎಂದು ಬರೆಯಿತು. ಪಕ್ಕದ ಮನೆಯವಳನ್ನು ಕುರಿತು "ಶಾಂತಿ ಹೊಲಕ್ಕ ಹೋಗ್ಯಾಳ" ಎಂದರೆ 'ಶಾಂತಿ ಹೊಲ ಹೊಗೆ ಹಾಳು' ಎಂದಿತು. ಓದಿ ಹೇಳಿದೆ.

"ಇದಕ್ಕ ಕಿವಿ ಮಂದ ಅದಾವೇನು?" ಎಂದು ಅವ್ವ ಫೋನಿನ ಹತ್ತಿರ ಬಾಯಿಟ್ಟು ಕೂಗಿದಳು. ಯಂತ್ರ ಇನ್ನಷ್ಟು ಗಾಬರಿಯಾಗಿ ಏನೇನೋ ಬರೆಯಿತು. ಅವ್ವನಿಗೆ ಕನಿಕರ ಬಂತು. "ಪಾಪ, ದೂರದ ಊರಿಂದು ಕಾಣ್ತೈತಿ. ನಾಕು ದಿನ ನಮ್ಮ ಮನ್ಯಾಗ ಇದ್ರ ಕಲೀತೈತಿ ಬಿಡು" ಎಂದಳು. ತರಬೇತಿಯ ದತ್ತಾಂಶ ಹೆಚ್ಚಾದರೆ ಯಂತ್ರ ಕಲಿಯುತ್ತದೆ ಎಂದು ನಾನು ಮೂರು ತಾಸು ಪಾಠ ಕೇಳಿ ತಿಳಿದದ್ದೂ ಇಷ್ಟೇ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಮಸ್ಕಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರು, ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಚಹಾ ಕಾಸುವವರು, ಒಪ್ಪಿದವರೆಲ್ಲರ ಮಾತನ್ನೂ ಧ್ವನಿಮುದ್ರಿಸಿಕೊಂಡೆ. ಶಬಾನಾ ಸಿಂಧನೂರು, ತುರ್ವಿಹಾಳದ ದನಿಗಳನ್ನು ತಂದಳು. ಕನ್ನಡದಲ್ಲಿ ಶುರುವಾದ ಅವಳ ಅಜ್ಜಿಯ ಮಾತು ನಡುವೆ ದಖನಿ ಉರ್ದುವಿಗೆ ಹೊರಳಿದಾಗ ಯಂತ್ರ ಪೂರ್ತಿ ಮೌನ ತಾಳಿತು. ಲೆಕ್ಕಕ್ಕೆ ಇರಲಿ ಎಂದು ನನ್ನ ದನಿಯನ್ನೂ ಸೇರಿಸಿದೆ. ಯಂತ್ರ ಒಂದಕ್ಷರವೂ ತಪ್ಪದೆ ಬರೆಯಿತು! ಹೆಮ್ಮೆಯಿಂದ ಶಬಾನಾಳಿಗೆ ಕಳಿಸಿದೆ.

ಮಾರನೆಯ ದಿನ ಅವಳು ಕರೆ ಮಾಡಿ ಬಹಳ ಹೊತ್ತು ತಡವರಿಸಿದಳು. "ಸರ್, ಸಿಟ್ಟಾಗಬ್ಯಾಡ್ರಿ. ನಿಮ್ಮ ದನಿ ತಗದೀನ್ರಿ."

"ಯಾಕಮ್ಮ? ತಪ್ಪೇ ಇಲ್ಲವಲ್ಲ!"

"ಅದಕ್ಕರೀ ಸರ್. ನಮಗ ಈ ಕಡಿ ಮಂದಿ ಮಾತು ಬೇಕ್ರಿ."

ಮಸ್ಕಿಯಲ್ಲೇ ಹುಟ್ಟಿ, ಮಸ್ಕಿಯಲ್ಲೇ ಬೆಳೆದವನು ನಾನು! ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೈಸೂರಿನ ಒಂದು ತರಬೇತಿಯಲ್ಲಿ ನನ್ನ 'ಹೋಗ್ಯಾಳ' ಕೇಳಿ ನಾಲ್ಕು ಜನ ನಕ್ಕಿದ್ದರು. ಅಂದಿನಿಂದ ಪುಸ್ತಕದಂತೆ ಮಾತಾಡತೊಡಗಿದೆ. ತರಗತಿಯಲ್ಲೂ, ಬರಬರುತ್ತ ಮನೆಯಲ್ಲೂ. ವಿದ್ಯಾರ್ಥಿಗಳ ಮಾತನ್ನೂ ತಿದ್ದಿದೆ. ಶಬಾನಾಳದನ್ನೂ ತಿದ್ದಿರಬೇಕು, ಪುಣ್ಯಕ್ಕೆ ಅವಳು ಕಲಿಯಲಿಲ್ಲ. ಕಲಿತಿದ್ದರೆ ಈ ಪ್ರಾಜೆಕ್ಟೇ ಇರುತ್ತಿರಲಿಲ್ಲ. ಪರೀಕ್ಷಕರು ನಮ್ಮ ದನಿಗಳ ಸಂಗ್ರಹವನ್ನು ಎರಡೆರಡು ಸಲ ಕೇಳಿಸಿಕೊಂಡು ಒಳ್ಳೆಯ ಅಂಕ ಕೊಟ್ಟರು.

ಪಾಸಾದ ಸುದ್ದಿಯ ಜೊತೆಗೆ ನನ್ನ ದನಿಯನ್ನು ತೆಗೆದುಹಾಕಿದ ಸಂಗತಿಯನ್ನೂ ಅವ್ವನಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ. "ಆ ಹುಡುಗಿ ಖರೇ ಹೇಳ್ಯಾಳ" ಎಂದಳು. "ನೀ ಬಾಗಲಾಗ ನಿಂತು ಮಾತಾಡಿದ್ರ, ಯಾರೋ ಸಾಹೇಬ್ರು ಬಂದಾರಂತ ನಾ ಸೆರಗು ಸರಿ ಮಾಡ್ಕೋತೀನಿ."

ಈ ಪ್ರಬಂಧವನ್ನು ನಾನು ಅದೇ ಯಂತ್ರಕ್ಕೆ ಬಾಯಲ್ಲಿ ಹೇಳಿ ಬರೆಸಿದೆ. ನನ್ನ ಮಾತುಗಳಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅವ್ವನವು, ಶಬಾನಾಳವು ಮಾತ್ರ ಕೈಯಿಂದಲೇ ಟೈಪು ಮಾಡಬೇಕಾಯಿತು. ಅಲ್ಲಿಯೂ ನಾನು ಎರಡು ಕಡೆ ತಪ್ಪಿದ್ದೆ, ಅವ್ವ ಕೇಳಿ ತಿದ್ದಿದಳು.