ಇಲ್ಲದ ಪ್ರಿಂಟರಿನಿಂದ ಬಂದ ಬೆದರಿಕೆ

"ಇದನ್ನ ಯಾರು ತಗೋತೀರಿ?" ಎಂದು ಮ್ಯಾನೇಜರ್ ಕೇಳಿದಾಗ ವೈಟ್‌ಫೀಲ್ಡಿನ ನಮ್ಮ ಆಫೀಸಿನ ಮೀಟಿಂಗಿನಲ್ಲಿ ಉಳಿದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸುತ್ತಿದ್ದರು. ನಾನು ಕೈ ಎತ್ತಿದೆ. ಪಕ್ಕದಲ್ಲಿದ್ದವರು ಯಾರಾದರೂ ಆ ಕೈ ಹಿಡಿದು ಕೆಳಗಿಳಿಸಿದ್ದರೆ ನಾನು ಇಂದಿಗೂ ಮರ್ಯಾದಸ್ಥನಾಗಿರುತ್ತಿದ್ದೆ.

ನಮ್ಮ ಗ್ರಾಹಕರು ಒಂದು ವಿದೇಶಿ ವಿಮಾ ಕಂಪನಿ. ಅವರ ಬಳಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಇದೆ. ಹಿಂದಿನ ಕಾಲದಲ್ಲಿ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಅದಕ್ಕೆ ಮಾಹಿತಿ ಉಣಿಸುತ್ತಿದ್ದರಂತೆ. ಈಗ ಕಾರ್ಡೂ ಇಲ್ಲ, ತೂತೂ ಇಲ್ಲ. ಆದರೆ ಕಾರ್ಡು ಬರುತ್ತಲೇ ಇದೆ, ಪ್ರಿಂಟರ್ ಓಡುತ್ತಲೇ ಇದೆ ಎಂದು ಆ ಕಂಪ್ಯೂಟರ್ ಇನ್ನೂ ನಂಬಿಕೊಂಡಿದೆ. ಆ ನಂಬಿಕೆಗೆ ಭಂಗ ಬಾರದಂತೆ ನೋಡಿಕೊಳ್ಳುವ ಡ್ರೈವರ್ ಎಂಬ ತಂತ್ರಾಂಶವನ್ನು ನಾನು ಬರೆಯಬೇಕಿತ್ತು.

ಮನೆಯಲ್ಲಿ ಹೆಂಡತಿ ಶೈಲಾಗೆ ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದೆ.

"ಇಲ್ಲದ ಮಿಷನ್ನಿಗೆ ಡ್ರೈವರ್ರಾ? ಅದಕ್ಕೆ ಸಂಬಳಾನೂ ಕೊಡ್ತಾರೇನ್ರೀ?"

"ಇಲ್ಲದ ಮಿಷನ್ನು ಕೆಟ್ಟೋಗೋದೂ ಇಲ್ಲ ಕಣೇ," ಎಂದೆ.

ಬುಧವಾರವೇ ಕೆಟ್ಟಿತು. ಕಾರ್ಡು ಕೊರೆಯುವ ಯಂತ್ರವನ್ನು ನಾನು ತಂತ್ರಾಂಶದಲ್ಲಿ ನೇರವಾಗಿ ಕಾರ್ಡು ಓದುವ ಯಂತ್ರಕ್ಕೇ ಜೋಡಿಸಿಬಿಟ್ಟಿದ್ದೆ. ಅದು ಕೊರೆದದ್ದನ್ನು ಇದು ಓದಿತು, ಇದು ಓದಿದ್ದನ್ನು ಅದು ಮತ್ತೆ ಕೊರೆಯಿತು. ಊಟದ ಹೊತ್ತಿಗೆ ಇಲ್ಲದ ಕಾರ್ಡುಗಳಿಂದ ನಿಜವಾದ ಡಿಸ್ಕು ಭರ್ತಿಯಾಗಿ ಇಡೀ ತಂಡದ ಕೆಲಸ ನಿಂತಿತು. ಎಲ್ಲರೂ ನನ್ನ ಬೆನ್ನು ತಟ್ಟಿ ಟೀ ಕುಡಿಯಲು ಹೋದರು. ಮ್ಯಾನೇಜರ್ ಮಾತ್ರ ಹೋಗಲಿಲ್ಲ. ಶುಕ್ರವಾರ ಗ್ರಾಹಕರಿಗೆ ತೋರಿಸಬೇಕು, ಇನ್ನೊಂದು ಎಡವಟ್ಟಾದರೆ ಪ್ರಾಜೆಕ್ಟಿನಿಂದ ತೆಗೆಯುತ್ತೇನೆ ಎಂದು ಮೆಲ್ಲಗೆ, ನಗುನಗುತ್ತಲೇ ಹೇಳಿದರು. ಆ ನಗು ನನಗೆ ಹಿಡಿಸಲಿಲ್ಲ.

ಗುರುವಾರ ಪ್ರಿಂಟರಿನ ಸರದಿ. ಪರೀಕ್ಷೆಗೆ ಏನಾದರೂ ಬರಹ ಬೇಕಿತ್ತು. ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ ಹೇಳಿದ್ದ ಮೆಣಸಿನಕಾಯಿ ಬಜ್ಜಿಯ ವಿಧಾನವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿಕೊಂಡಿದ್ದೆ. ಅದನ್ನೇ ಕಳಿಸಿದೆ. ಪ್ರತಿ ಸಾಲಿನ ಮೊದಲು ಒಂದು ಸಂಕೇತ ಹಾಕಬೇಕೆಂದು ಕೈಪಿಡಿಯಲ್ಲಿತ್ತು. ಒಂದು ಸಾಲು ತಾನೇ ಎಂದು ಎಲ್ಲ ಸಾಲಿಗೂ 'ಒಂದು' ಹಾಕಿದೆ. ಆ ಸಂಕೇತದ ಅರ್ಥ 'ಹೊಸ ಹಾಳೆ ತೆಗೆದುಕೋ' ಎಂದು ಮುಂದಿನ ಪುಟದಲ್ಲಿತ್ತು. ನಾನು ಮುಂದಿನ ಪುಟ ಓದುವ ಜಾತಿಯವನಲ್ಲ. ಇಲ್ಲದ ಪ್ರಿಂಟರಿಗೆ ಕಳಿಸಿದ್ದೆಲ್ಲ ಎಚ್‌ಆರ್ ವಿಭಾಗದ ನಿಜವಾದ ಪ್ರಿಂಟರಿನಲ್ಲಿ ಅಚ್ಚಾಗುವಂತೆ ಯಾರೋ ಪುಣ್ಯಾತ್ಮರು ಜೋಡಿಸಿದ್ದರೆಂಬುದೂ ನನಗೆ ತಿಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮನ್ನೆಲ್ಲ ಕೆಳಗೆ ಕರೆದರು. ಎಚ್‌ಆರ್ ಮೇಡಂ ಬಿಳಿಚಿಕೊಂಡು ನಿಂತಿದ್ದರು. ಅವರಿಗೆ ಕನ್ನಡ ಬಾರದು. ಅದಕ್ಕೇ ಪಕ್ಕದ ಪಟ್ಟಂದೂರು ಅಗ್ರಹಾರದವರೇ ಆದ ಸೆಕ್ಯೂರಿಟಿ ಮುನಿರಾಜಣ್ಣನನ್ನು ಕರೆಸಿದ್ದರು. ಹೆಸರಿಲ್ಲದ ಬೆದರಿಕೆಗಳು ಬರುತ್ತಿವೆಯಂತೆ, ಒಂದೊಂದು ಹಾಳೆಗೆ ಒಂದೊಂದು ಸಾಲು. ನನಗೆ ರಕ್ತ ಕುದಿಯಿತು. ಇಂಥವರನ್ನು ಸುಮ್ಮನೆ ಬಿಡಬಾರದು, ನೇರ ಪೊಲೀಸಿಗೇ ಕೊಡಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮ್ಯಾನೇಜರ್ ಮೆಚ್ಚುಗೆಯಿಂದ ತಲೆಯಾಡಿಸಿದರು.

ಮುನಿರಾಜಣ್ಣ ಬೆವರೊರೆಸಿಕೊಂಡು ಓದತೊಡಗಿದರು.

"ಹೊಟ್ಟೆ ಸೀಳು."

ಹಾಳೆ ತಿರುವಿದರು. "ಒಳಗಿರಾದೆಲ್ಲ ಕಿತ್ತಾಕು."

ಯಾರೋ ಕುರ್ಚಿ ಹಿಡಿದುಕೊಂಡರು.

"ಕಾದ ಎಣ್ಣೆಗೆ ಬಿಡು. ಚುಂಯ್ ಅಂದ್ರೂ ತೆಗೀಬೇಡ." ಮುನಿರಾಜಣ್ಣ ಮೇಡಂ ಕಡೆ ತಿರುಗಿದರು. "ಮೇಡಂ, ಇಂಗೆಲ್ಲ ಬರೆಯೋನು ಮನುಸ ಅಲ್ಲ."

ನಾನು ಹೌದೆಂದು ತಲೆಯಾಡಿಸುತ್ತಿರುವಾಗಲೇ ಅವರು ನಡುವೆ ಬಿಟ್ಟುಹೋಗಿದ್ದ ಹಾಳೆಯೊಂದನ್ನು ಓದಿದರು. "ಉಪ್ಪು, ಓಮದ ಪುಡಿ ತುಂಬು."

ಅಲ್ಲಿ ನನಗೆ ಅಮ್ಮನ ದನಿ ಕೇಳಿಸಿತು.

ಸುಮ್ಮನಿದ್ದುಬಿಡೋಣವೇ ಎಂದು ಒಂದು ಕ್ಷಣ ಅನಿಸಿತು. ಆದರೆ ಮೇಡಂ ಆಗಲೇ ಫೋನು ಕೈಗೆತ್ತಿಕೊಂಡಿದ್ದರು.

"ಅದು ಮೆಣಸಿನಕಾಯಿ," ಎಂದೆ.

"ಏನು?" ಎಂದರು ಮ್ಯಾನೇಜರ್.

"ಹೊಟ್ಟೆ ಮೆಣಸಿನಕಾಯಿದು ಸಾರ್. ಹೇಳಿದ್ದು ನಮ್ಮಮ್ಮ."

ಗ್ರಾಹಕರಿಗೆ ಡ್ರೈವರ್ ತೋರಿಸುವ ಹೊಣೆ ಮರುದಿನ ಬೇರೆಯವರ ಪಾಲಾಯಿತು. ನನ್ನ ಮೇಲೆ ಕ್ರಮ ಕೈಗೊಳ್ಳುವ ಬದಲು ಮೇಡಂ ದೊಡ್ಡ ಮನಸ್ಸು ಮಾಡಿ, ಸೋಮವಾರ ಎಲ್ಲರಿಗೂ ಆ ಬಜ್ಜಿ ತಂದುಕೊಡಬೇಕೆಂದು ಆಜ್ಞಾಪಿಸಿದರು. ಅಂಗಡಿಯಿಂದ ಕಟ್ಟಿಸಿಕೊಂಡು ಹೋಗಿ ಎಂದು ಶೈಲಾ ಬೇಡಿಕೊಂಡಳು. ಡ್ರೈವರ್ ಬರೆಯುವವನಿಗೆ ಬಜ್ಜಿ ಯಾವ ಲೆಕ್ಕ ಎಂದು ನಾನೇ ಬಾಣಲೆ ಇಟ್ಟೆ. ಬೀಜ ತೆಗೆಯುವುದು ಬೇಜಾರಿನ ಕೆಲಸ. ತೆಗೆಯಲಿಲ್ಲ.

ಹಿರಿಯರೆಂದು ಮೊದಲ ಬಜ್ಜಿಯನ್ನು ಮುನಿರಾಜಣ್ಣನಿಗೇ ಕೊಟ್ಟೆ. ಅರ್ಧ ಕಚ್ಚಿದರು. ಕಿವಿ ಕೆಂಪಾಯಿತು, ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಒಂದು ಬಾಟಲಿ ನೀರು ಖಾಲಿ ಮಾಡಿ ನನ್ನ ಭುಜದ ಮೇಲೆ ಕೈಯಿಟ್ಟರು.

"ಬುಡಿ ಸಾರ್. ಅವತ್ತು ನಾನು ತೆಪ್ಪು ತಿಳ್ಕಂಡಿರ್ಲಿಲ್ಲ."