ಗೃಹಪ್ರವೇಶಕ್ಕೊಂದು ಡ್ರೈ ರನ್

ಚುನಾವಣಾ ತರಬೇತಿಗೆಂದು ಶಿಕಾರಿಪುರಕ್ಕೆ ಹೋಗಿದ್ದ ಮಾಬ್ಲೇಶ್ವರ ಮೇಷ್ಟ್ರು ಸೊರಬಕ್ಕೆ ಮರಳುವಾಗ ಒಂದು ಪೆನ್ನು, ಒಂದು ಫೈಲು ಮತ್ತು ಒಂದು ಇಂಗ್ಲಿಷ್ ಮಾತು ತಂದರು: ‘ಡ್ರೈ ರನ್’. ನಿಜವಾದ ಕೆಲಸಕ್ಕೆ ಮೊದಲು ಅದನ್ನೇ ಸುಳ್ಳುಸುಳ್ಳೇ ಮಾಡಿ, ಎಲ್ಲಿ ಎಡವುತ್ತೇವೆಂದು ನೋಡಿಕೊಳ್ಳುವುದು. ಹೆಂಡತಿ ಗಂಗಾ ಸಂತೆಗೆ ಹೊರಟರೂ ಮೊದಲೊಂದು ಡ್ರೈ ರನ್ ಆಗಲಿ ಎನ್ನತೊಡಗಿದರು.

ಬರುವ ಗುರುವಾರ ಅವರ ಹೊಸಮನೆಯ ಗೃಹಪ್ರವೇಶ. ಹೋದ ವರ್ಷ ಶಿರಾಳಕೊಪ್ಪದಲ್ಲಿ ಗಂಗಾಳ ಅಣ್ಣ ಚಿದಂಬರನ ಗೃಹಪ್ರವೇಶದ ದಿನ, ಹಾಲುಕ್ಕಿಸುವ ಹೊತ್ತಿಗೆ ಬೆಂಕಿಪೊಟ್ಟಣವೇ ಸಿಗದೆ ಮುಹೂರ್ತ ಮೀರಿತ್ತು. (ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮೇಷ್ಟ್ರೇ.) ಆ ನಗು ತಮ್ಮ ಕಡೆ ತಿರುಗಬಾರದೆಂದು ಅವರು ಹಟ ತೊಟ್ಟರು. ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಶುದ್ಧ ರಾಹುಕಾಲದಲ್ಲಿ, ಮಹಾತಾಲೀಮು ನಿಗದಿಯಾಯಿತು.

“ಒಲೆ ಮೇಲೆ ಬರೀ ನೀರಿಡಿ ಸಾಕು, ಹಾಲು ಬೇಡ” ಎಂದಳು ಗಂಗಾ.

“ನೀರು ಉಕ್ಕತ್ತೇನೇ? ತಾಲೀಮು ಅಂದ್ರೆ ಎಲ್ಲಾ ಅಸಲಿ ಹಂಗೇ ಇರ್ಬೇಕು.”

ಗಂಗಾ ಕಳಶ ಹಿಡಿದು ಬಲಗಾಲಿಟ್ಟು ಒಳಗೆ ಬಂದಳು. ಮೇಷ್ಟ್ರು ಗಡಿಯಾರ ನೋಡಿ ನಿಮಿಷ ಬರೆದುಕೊಂಡರು. ದೀಪ ಹಚ್ಚಿದರು. ಬೆಂಕಿಪೊಟ್ಟಣ ಒಂದಲ್ಲ, ಮೂರಿದ್ದವು. ಹಾಲು ಉಕ್ಕಿತು, ಅದೂ ಪೂರ್ವಕ್ಕೇ. ಮೇಷ್ಟ್ರ ಕಣ್ಣು ತುಂಬಿ ಬಂತು.

ಹೊಸಬಾಳೆಯಿಂದ ಆಗಷ್ಟೇ ಬಂದಿಳಿದ ಅವರ ತಾಯಿ ಶೇಷಮ್ಮ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದರು. ಇದು ನಿಜವಲ್ಲ, ಡ್ರೈ ರನ್ ಎಂದು ಮಗ ಅರ್ಥ, ಪ್ರಯೋಗ ಎರಡನ್ನೂ ವಿವರಿಸಿದ.

“ಅದು ಅಗ್ನಿಗೆ ಗೊತ್ತಿತ್ತಾ ಮಾಬ್ಲಾ? ಹಾಲು ಉಕ್ಕಿ ಆತು, ಮನೆ ಹೊಕ್ಕಾತು. ಹೊಕ್ಕ ಮನೆ ಖಾಲಿ ಬಿಡೋ ಹಾಂಗಿಲ್ಲ.”

ಪುರೋಹಿತರಿಗೆ ಫೋನು ಹೋಯಿತು. ಅವರ ತೀರ್ಪೂ ಅದೇ: ಪ್ರವೇಶ ಮುಗಿದಿದೆ, ಇವತ್ತಿನ ರಾಹುಕಾಲದ ದೋಷಕ್ಕೆ ಗುರುವಾರ ಶಾಂತಿ, ಆಮೇಲೆ ಊಟ. ಅಲ್ಲಿಯವರೆಗೆ ದೀಪ ಆರದಂತೆ ಯಜಮಾನರು ಅಲ್ಲೇ ಇರಬೇಕು. ಕರೆಂಟಿಲ್ಲದ, ಕಿಟಕಿಗೆ ಗಾಜು ಕೂಡ ಕೂರಿಸದ ಆ ಮನೆಯಲ್ಲಿ ಮೇಷ್ಟ್ರಿಗೆ ಒಂದು ಚಾಪೆ, ಒಂದು ಕಂಬಳಿ ಕೊಟ್ಟು ಎಲ್ಲರೂ ಹಳೆಮನೆಗೆ ಹೊರಟರು.

ಐದೂವರೆಗೆ ಗಾಳಿ ಬೀಸಿ ದೀಪ ಆರಿತು. ಮೇಷ್ಟ್ರು ಮೂಲೆಮೂಲೆ ತಡಕಾಡಿದರು. ಗೋಡೆಗೆ ಅಂಟಿಸಿದ್ದ ತಾಲೀಮಿನ ಪಟ್ಟಿಯ ಕೊನೆಯ ಸಾಲು, ಅವರದೇ ದುಂಡು ಅಕ್ಷರದಲ್ಲಿ: ‘ತಾಲೀಮು ಮುಗಿದ ಕೂಡಲೇ ಬೆಂಕಿಪೊಟ್ಟಣ ಸಹಿತ ಸಾಮಾನೆಲ್ಲ ಹಳೆಮನೆಗೆ.’ ಗಂಗಾ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

ಬೇರೆ ದಾರಿಯಿಲ್ಲದೆ ಅವಳಿಗೆ ಫೋನು ಮಾಡಿದರು. ಎತ್ತಿದವನು, ಸುದ್ದಿ ಕೇಳಿ ಶಿರಾಳಕೊಪ್ಪದಿಂದ ಓಡಿಬಂದಿದ್ದ ಚಿದಂಬರ.

“ಗೊತ್ತಾತು ಭಾವ” ಎಂದ ಅವನು, ನಗು ತಡೆದುಕೊಂಡು. “ಬೆಂಕಿಪೊಟ್ಟಣ ತಾನೆ? ಈಗ್ಲೇ ತರ್ಲಾ, ಇಲ್ಲ ಮೊದ್ಲು ಬರೀ ಕೈಯಲ್ಲಿ ಒಂದ್ಸಲ ಬಂದು ನೋಡ್ಲಾ?”