ಹದಿನಾಲ್ಕು ಪಾಯಿಂಟ್ ಎರಡು ಎಂದ ಮೀಟರಿಗೆ

ಮಾನ್ಯ ಮಲ್ಟಿಮೀಟರ್ ಮಹಾಶಯರೇ,

ತಾವೂ ತಮ್ಮ ಕೆಂಪು, ಕಪ್ಪು ತಂತಿಗಳೂ ನಮ್ಮ ಅಡುಗೆಮನೆಯ ಮೂರನೆಯ ಡ್ರಾಯರಿನಲ್ಲಿ, ಟಾರ್ಚು, ದಾರದುಂಡೆ ಮತ್ತು ಯಾವ ಬೀಗಕ್ಕೂ ಸೇರದ ಕೀಲಿಕೈಗಳ ನಡುವೆ ಕ್ಷೇಮವಾಗಿದ್ದೀರೆಂದು ನಂಬಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದ ನಾನು ಈ ದೂರನ್ನು ಸವಿನಯವಾಗಿ ಸಲ್ಲಿಸುತ್ತಿದ್ದೇನೆ. ನಾಲ್ಕು ಗೋಡೆಯೊಳಗೆ ಮುಗಿಸಬಹುದಾಗಿದ್ದ ಮಾತನ್ನು ಬೀದಿಗೆ ತಂದದ್ದಕ್ಕೆ ಕ್ಷಮೆಯಿರಲಿ. ತಮ್ಮ ಬಂಧುಬಳಗ ಎಷ್ಟೋ ಮನೆಗಳ ಡ್ರಾಯರುಗಳಲ್ಲಿದೆ, ಆ ಮನೆಗಳಲ್ಲಿ ನನ್ನಷ್ಟೇ ತಿಳಿವಳಿಕೆಯುಳ್ಳವರೂ ಇರಬಹುದು ಎಂಬ ಭಯದಿಂದ ಹೀಗೆ ಮಾಡಬೇಕಾಯಿತು.

ವೋಲ್ಟು, ಕರೆಂಟು ಅಳೆಯುವ ತಾವು ನಮ್ಮ ಮನೆಗೆ ಬಂದದ್ದು ನನ್ನ ಬೀಳ್ಕೊಡುಗೆಯ ದಿನ, ಸಹೋದ್ಯೋಗಿಗಳ ಉಡುಗೊರೆಯಾಗಿ. ಶಾಲೆಯಲ್ಲಿ ಎಲ್ಲರನ್ನೂ ಅಳೆದದ್ದಾಯಿತು, ಇನ್ನು ಮನೆಯವರನ್ನು ಅಳೆಯಿರಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಕ್ಕೆ ಇಡೀ ಸಭೆ ನಕ್ಕಿತ್ತು, ನಮ್ಮ ಮನೆಯವರೊಬ್ಬರನ್ನು ಬಿಟ್ಟು. ಅಂದಿನಿಂದ ಮೂರು ವರ್ಷ ತಾವು ಡ್ರಾಯರಿನಲ್ಲಿ ಮೌನವ್ರತದಲ್ಲಿದ್ದಿರಿ. ವ್ರತ ಮುರಿಯಬೇಕಾದದ್ದು ನಮ್ಮ ಕಾರು ಎರಡು ಬೆಳಿಗ್ಗೆ ಸತತವಾಗಿ ಸ್ಟಾರ್ಟ್ ಆಗಲು ನಿರಾಕರಿಸಿದಾಗ.

ನಮ್ಮ ಮನೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದ್ದು, ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಅವರನ್ನು ಕಾರಿನಲ್ಲಿ ಕರೆದೊಯ್ಯಬೇಕು. ಕಾರು ಓಡುವಾಗ ಸ್ಟಿಯರಿಂಗಿನ ಹಿಂದೆ ಬ್ಯಾಟರಿಯ ಆಕಾರದ ಕೆಂಪು ದೀಪವೊಂದು ಬೇರೆ ಉರಿಯತೊಡಗಿತ್ತು. ಎರಡನೇ ತಿರುವಿನ ಗ್ಯಾರೇಜಿನವನನ್ನು ಕರೆದರೆ ಹತ್ತು ನಿಮಿಷದ ಕೆಲಸ ಎಂದು ಅವರು ಮೊದಲ ದಿನವೇ ಹೇಳಿದರು. ಬೇಡ, ಪರೀಕ್ಷೆ ನಾನೇ ಮಾಡುತ್ತೇನೆ ಎಂದೆ. ಏಕೆ ಎಂದು ಅವರು ಕೇಳಲಿಲ್ಲ, ಅವರಿಗೆ ಗೊತ್ತು. ತಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ.

ಆ ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಇಪ್ಪತ್ತು ವರ್ಷದ ಹಿಂದೆ ಪ್ರಯೋಗ ಪರೀಕ್ಷೆಯಲ್ಲಿ ಒಂದು ಉಕ್ಕಿನ ಗುಂಡಿನ ಅಗಲವನ್ನು ಅವನು ಕೂದಲೆಳೆಯಷ್ಟೂ ತಪ್ಪದೆ ಅಳೆದಿದ್ದ. ಆದರೆ ಅಳೆಯುವ ಮೊದಲು, ಉಪಕರಣದ ಬಾಯಿ ಮುಚ್ಚಿದಾಗ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿರಲಿಲ್ಲ. ಅಳೆಯುವ ಮುಂಚೆ ಅಳತೆಗೋಲನ್ನೇ ಅಳೆಯಬೇಕು ಎಂಬುದು ನನ್ನ ತರಗತಿಯ ಮೊದಲ ಪಾಠ. ಎರಡು ಅಂಕ ಕಳೆದೆ. ಆ ವರ್ಷ ಅವನು ವಿಜ್ಞಾನದಲ್ಲಿ ನಪಾಸಾದ, ಎರಡೇ ಅಂಕದಿಂದ. ಮತ್ತೆ ಶಾಲೆಗೆ ಬರಲಿಲ್ಲ, ಗ್ಯಾರೇಜು ಸೇರಿದ. ಅಂದಿನಿಂದ ನಾನು ತರಕಾರಿ ತರಲು ಆ ಗ್ಯಾರೇಜಿನ ಮುಂದೆ ಹಾಯದೆ ಪೋಸ್ಟಾಫೀಸು ಸುತ್ತಿಕೊಂಡು ಹೋಗುತ್ತೇನೆ. ಕೇಳಿದವರಿಗೆಲ್ಲ ನಿಯಮ ನಿಯಮವೇ ಎಂದು ಹೇಳಿದ್ದೇನೆ. ನನಗೆ ನಾನೇ ಹೇಳಿಕೊಳ್ಳುವಾಗ ಮಾತ್ರ ದನಿ ಅಷ್ಟು ಗಟ್ಟಿಯಾಗಿ ಬರುವುದಿಲ್ಲ.

ಹೀಗಿರುವಾಗ ತಮ್ಮಂಥ ಘನವಂತರು ಮನೆಯಲ್ಲೇ ಇರುವುದು ನೆನಪಾಗಿ, ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ತಂತಿ ಕೊಟ್ಟು ಎಂಜಿನ್ ಚಾಲೂ ಮಾಡಿ, ಆ ತಂತಿ ತೆಗೆದು, ಬಾನೆಟ್ ಎತ್ತಿ ನಿಂತೆ. ನಮ್ಮ ಮನೆಯವರು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಾರಿನ ಕೈಪಿಡಿಯನ್ನು ಗಟ್ಟಿಯಾಗಿ ಓದಿದರು: ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟಿನ ಆಸುಪಾಸು ಬಂದರೆ ಚಾರ್ಜಿಂಗ್ ಸರಿಯಿದೆ. ತಮ್ಮ ಎರಡು ಮೊನೆಗಳನ್ನು ಬ್ಯಾಟರಿಯ ಎರಡು ತುದಿಗೆ ಒತ್ತಿದೆ. ತಾವು ಕ್ಷಣವೂ ತಡವರಿಸದೆ ಹದಿನಾಲ್ಕು ಪಾಯಿಂಟ್ ಎರಡು ಎಂದಿರಿ. ಎಂಥ ಗಾಂಭೀರ್ಯ! ಜೊತೆಗೆ ಪರದೆಯ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಒಂದು ಬ್ಯಾಟರಿಯ ಚಿತ್ರವನ್ನೂ ತೋರಿಸಿದಿರಿ. ನಾನು ಅಳೆಯುತ್ತಿರುವುದು ಬ್ಯಾಟರಿಯನ್ನೇ ಎಂದು ತಾವು ಗುರುತಿಸಿದಿರೆಂದು ತಿಳಿದು ತಮ್ಮ ಬುದ್ಧಿಗೆ ತಲೆದೂಗಿದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬೇಕಾದ ಉತ್ತರ ಬಂದ ಮೇಲೆ ಇನ್ನೊಮ್ಮೆ ಅಳೆದು ನೋಡುವ ವಿದ್ಯಾರ್ಥಿಯನ್ನು ಮೂವತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ, ಅಂದು ನಾನೂ ಆಗಲಿಲ್ಲ.

ತಮ್ಮ ಸಾಕ್ಷ್ಯದ ಬಲದಿಂದ ತೀರ್ಪು ಕೊಟ್ಟೆ. ಚಾರ್ಜಿಂಗ್ ನಿರ್ದೋಷಿ, ಹಳೆಯ ಬ್ಯಾಟರಿ ಅಪರಾಧಿ, ಕೆಂಪು ದೀಪ ಸುಳ್ಳುಗಾರ. ಹೊಸ ಬ್ಯಾಟರಿ ಬಂತು. ದೀಪ ಆಮೇಲೂ ಉರಿಯುತ್ತಲೇ ಇದ್ದುದರಿಂದ ಅದರ ಬಾಯಿಗೆ ಒಂದು ತುಂಡು ಕಪ್ಪು ಟೇಪು ಅಂಟಿಸಿದೆ. ಪಾಪದ ದೀಪ, ಅಷ್ಟಾದರೂ ಟೇಪಿನ ಅಂಚಿನಿಂದ ಇಣುಕುತ್ತಿತ್ತು. ನಮ್ಮ ಮನೆಯವರು ಅದನ್ನು ನೋಡಿ, ನನ್ನನ್ನು ನೋಡಿ, ಕಿಟಕಿಯ ಕಡೆ ತಿರುಗಿಕೊಂಡರು.

ಆರು ದಿನ ಕಾರು ಓಡಿತು. ಏಳನೆಯ ಬೆಳಿಗ್ಗೆ, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಾಲನ್ನು ದಿಂಬಿನ ಮೇಲೆ ಜೋಪಾನವಾಗಿ ಇರಿಸಿ ಕೀಲಿ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೇ. ಅವರು ಕೂತಲ್ಲಿಂದಲೇ ಜೇಬಿನ ಫೋನು ತೆಗೆದು ಗ್ಯಾರೇಜಿಗೆ ಮಾತಾಡಿದರು.

ಅವನು ಬಂದ. ಕಿವಿಯ ಬಳಿ ಕೂದಲು ನರೆತಿದೆ. ನಮಸ್ಕಾರ ಟೀಚರ್ ಎಂದ, ಹಿಂದಿನ ಬೆಂಚಿನಿಂದ ಹೇಳುತ್ತಿದ್ದ ಹಾಗೆಯೇ. ನಾನು ತಮ್ಮನ್ನು ಕೈಯಲ್ಲಿ ಹಿಡಿದು ಹದಿನಾಲ್ಕು ಪಾಯಿಂಟ್ ಎರಡರ ಕಥೆಯನ್ನು ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡವನು ಬಾನೆಟ್ ಮುಟ್ಟದೆ ತಮ್ಮನ್ನು ಕೇಳಿ ತೆಗೆದುಕೊಂಡ. ಮೊನ್ನೆ ತಾನೆ ಹೊಸದಾಗಿ ಹಾಕಿದ್ದ ಗೋಡೆ ಗಡಿಯಾರದ ಸೆಲ್ಲು ಬಿಚ್ಚಿಸಿ ಅದಕ್ಕೆ ಹಿಡಿದ. ಒಂದೂವರೆ ವೋಲ್ಟಿನ ಸೆಲ್ಲಿಗೆ ತಾವು ಒಂದು ಪಾಯಿಂಟ್ ಒಂಬತ್ತು ಎಂದಿರಿ. ಆ ಎಳ್ಳುಕಾಳಿನ ಚಿತ್ರದ ಮೇಲೆ ಅವನು ಬೆರಳಿಟ್ಟ. ತಮ್ಮ ಹೊಟ್ಟೆಯೊಳಗಿನ ಸೆಲ್ಲೇ ಸೋತಿದೆ, ಸೋತ ಮೀಟರು ಎಲ್ಲವನ್ನೂ ಹೆಚ್ಚಾಗಿ ತೋರಿಸುತ್ತದೆ ಎಂದು ವಿವರಿಸಿ, ಆಮೇಲೆ ಮೆಲ್ಲಗೆ ಹೇಳಿದ:

"ಅಳೆಯೋಕ್ ಮುಂಚೆ ಅಳತೆಗೋಲನ್ನೇ ಅಳೀಬೇಕು ಅಂತ ನೀವೇ ಹೇಳ್ಕೊಟ್ಟಿದ್ದು ಟೀಚರ್. ಆವತ್ತಿಂದ ಒಂದಿನಾನೂ ಮರ್ತಿಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ, ಅಲ್ಲಿ ಸಿಮೆಂಟು ಹಾಕಿಸಿದ್ದೇವೆ.

ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ಅವನು ಬಿಚ್ಚಿದಾಗ ಒಳಗಿನ ಕಾರ್ಬನ್ ತುಂಡೆರಡು, ವರ್ಷದ ಕೊನೆಯ ಸೀಮೆಸುಣ್ಣದ ಹಾಗೆ, ಉಗುರಿನಷ್ಟು ಸವೆದಿದ್ದವು. ಹೊಸವನ್ನು ಹಾಕಿ, ಹೊಸ ಬ್ಯಾಟರಿಗೆ ಜೀವ ತುಂಬಿಸಿ, ಎಂಜಿನ್ ಓಡಿಸಿ ತನ್ನ ಮೀಟರಿನಲ್ಲಿ ಅಳೆದ. ಹದಿನಾಲ್ಕು ಪಾಯಿಂಟ್ ಎರಡು ಬಂತು, ಈ ಸಲ ನಿಜವಾಗಿ. ಕಪ್ಪು ಟೇಪನ್ನು ನನ್ನನ್ನೇನೂ ಕೇಳದೆ ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡ. ದೀಪ ಆರಿತ್ತು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆ ಹೆಚ್ಚಿನದೇನಲ್ಲ. ಇನ್ನು ಮುಂದೆ ಗೊತ್ತಿಲ್ಲದಿದ್ದಾಗ ಪರದೆಯ ತುಂಬ ಗೊತ್ತಿಲ್ಲ ಎಂದೇ ಬರೆಯತಕ್ಕದ್ದು. ಹಿಡಿದವರು ನಿವೃತ್ತ ಶಿಕ್ಷಕರಾಗಿದ್ದಲ್ಲಿ ಎಳ್ಳುಕಾಳಿನ ಚಿತ್ರ ಬಿಟ್ಟು ಕೈಯ ಮೇಲೆ ಒಂದು ಏಟು ಕೊಡತಕ್ಕದ್ದು. ಸಾಧ್ಯವಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ, ಕೆಂಪು ಪೆನ್ನು ಹಿಡಿದು ಕೂತ ಒಬ್ಬ ಶಿಕ್ಷಕಿಯ ಎರಡು ತುದಿಗೂ ತಮ್ಮ ಮೊನೆ ಇಟ್ಟು, ಅವಳು ಮೊದಲು ಸೊನ್ನೆ ತೋರಿಸುತ್ತಾಳೆಯೇ ಎಂದು ನೋಡಿ ಬರತಕ್ಕದ್ದು. ಇಷ್ಟು ಬರೆದ ಮೇಲೆ ಒಂದು ಮಾತು ಒಪ್ಪಲೇಬೇಕು. ತಾವು ಸುಳ್ಳು ಹೇಳಲಿಲ್ಲ. ನನಗೆ ಶಕ್ತಿಯಿಲ್ಲ, ನನ್ನನ್ನು ನಂಬಬೇಡಿ ಎಂದು ಮೂಲೆಯಲ್ಲಿ ನಿಂತು ಮೊದಲ ದಿನವೇ ಕೈಯೆತ್ತಿದ್ದಿರಿ. ಕೈಯೆತ್ತಿದವರನ್ನು ಗಮನಿಸದೆ ಮುಂದಿನ ಪಾಠಕ್ಕೆ ಹೋಗುವುದು ನನ್ನ ಹಳೆಯ ಚಾಳಿ. ದೂರನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ.

ಪೋಸ್ಟಾಫೀಸಿನ ದಾರಿಯನ್ನು ನಿನ್ನೆಯಿಂದ ಬಿಟ್ಟಿರುವ,
ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ

ಮರೆತ ಮಾತು: ತಮ್ಮ ಹೊಟ್ಟೆಗೆ ಹೊಸ ಸೆಲ್ಲು ಹಾಕಿದ್ದೇನೆ, ಇನ್ನು ತಮಗೆ ನೆಪವಿಲ್ಲ. ಅವನು ಹೊರಡುವಾಗ, ಈ ಪ್ರಯೋಗಕ್ಕೆ ನನಗೆಷ್ಟು ಅಂಕ ಎಂದು ತಮಾಷೆಗೆಂಬಂತೆ ಕೇಳಿದೆ, ತಮಾಷೆಯಾಗಿರಲಿಲ್ಲ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದ: "ಎರಡು ಮಾರ್ಕು ಕಳ್ದಿದೀನಿ ಟೀಚರ್. ಆದ್ರೆ ಪಾಸ್ ಮಾಡಿದೀನಿ."